ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ಬಳೆ

ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದ ಮನುಷ್ಯ, ನಿವೃತ್ತನಾದ ಮೇಲೆ ಆಕಾಶದ ಕರಡು ನೋಡಲು ಕುಳಿತಿದ್ದ. ದೊಡ್ಡ ದೂರದರ್ಶಕಗಳು ಆಕಾಶವನ್ನು ತುಂಡುತುಂಡಾಗಿ ತೆಗೆದ ಸಮೀಕ್ಷೆಯ ಚಿತ್ರಗಳನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು. ಅವುಗಳಲ್ಲಿ ಯಾರ ಕಣ್ಣಿಗೂ ಬೀಳದ ಗ್ರಹೀಯ ನೀಹಾರಿಕೆಯನ್ನು, ಅಂದರೆ ಸಾಯುವ ನಕ್ಷತ್ರ ಊದಿಬಿಟ್ಟ ಅನಿಲದ ಬಳೆಯನ್ನು, ಹುಡುಕುವುದು ಇವನ ಹುಚ್ಚು. ಆರು ವರ್ಷದಲ್ಲಿ ಒಂದೂ ಸಿಕ್ಕಿರಲಿಲ್ಲ. ಆದರೂ ಪಟ್ಟು ಬಿಟ್ಟಿರಲಿಲ್ಲ.

ಆ ಬೆಳಿಗ್ಗೆ ಸಿಕ್ಕಿತು. ಕಣ್ಣು ಸೋತು ತಪ್ಪುಗಳು ಜಾರಿಕೊಳ್ಳತೊಡಗಿದರೆ ಪುಟವನ್ನು ತಲೆಕೆಳಗು ಮಾಡಿ ನೋಡುವುದು ಅವನ ಹಳೆಯ ಚಾಳಿ. ಹಾಗೆಯೇ ಚಿತ್ರವನ್ನು ತಿರುಗಿಸಿದಾಗ, ಪ್ರಖರವಾದ ನಕ್ಷತ್ರವೊಂದರ ಪಕ್ಕದಲ್ಲಿ ಮಸುಕಾದ ಬಳೆ ಕಂಡಿತು. ಬೇರೆ ಎರಡು ಸಮೀಕ್ಷೆಗಳಲ್ಲೂ ಅದು ಅಲ್ಲೇ ಇತ್ತು.

ಖಗೋಳಜ್ಞರಿಗೆ ಕಳಿಸುವ ಅರ್ಜಿ ತೆರೆದು, ರೂಢಿಯಂತೆ, ಹಿಂದೆ ತಳ್ಳಿಹಾಕಿದವುಗಳ ನೋಟ್‌ಬುಕ್ಕನ್ನೂ ಒಮ್ಮೆ ತಿರುವಿದ. ಅದೇ ಸ್ಥಾನದ ಅಂಕಿಗಳು ಅಲ್ಲಿದ್ದವು. ಎರಡು ವರ್ಷದ ಹಿಂದಿನ ತಾರೀಖು. ಕಂಡವಳು, ಆಗ ಜೊತೆಗೆ ಕುಳಿತು ಹುಡುಕುತ್ತಿದ್ದ ತಂಗಿ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಇವನದೇ ಅಕ್ಷರ: ‘ಲೆನ್ಸಿನ ಹೊಳಪು. ಬೇಡ.’

ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಅದೇ ಚಿತ್ರ, ಅದೇ ಕಣ್ಣು. ಅಂದು ಬೇರೆ ಸಮೀಕ್ಷೆಗಳನ್ನು ನೋಡಿದ್ದನೋ, ನೋಡದೆಯೇ ಗೀಚಿದ್ದನೋ? ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಅಂದಿನಿಂದ ತಂಗಿ ಈ ಕುರ್ಚಿಯ ಹತ್ತಿರ ಸುಳಿದಿರಲಿಲ್ಲ. ಹೊಲಿಗೆ ಕೆಲಸ ಜಾಸ್ತಿ ಅಂದಿದ್ದಳು, ಇವನು ನಂಬಿದ್ದ. ಈಗ ನಾಚಿಕೆಯಾಯಿತು. ಅವಳು ನೋಟ್‌ಬುಕ್ ತೆರೆಯುವುದೇ ಇಲ್ಲವಲ್ಲ, ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಹಣಕಿ, ಇನ್ನಷ್ಟು ನಾಚಿಕೆಯಾಯಿತು.

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತದ್ದೇ ಅವಳನ್ನು ಕರೆದ. ಚಿತ್ರ ತೋರಿಸಿದ. ಅವಳು ಕತ್ತರಿ ಹಿಡಿದುಕೊಂಡೇ ಬಗ್ಗಿ ನೋಡಿದಳು.

“ಲೆನ್ಸಿನ ಹೊಳಪು ಅಲ್ವಾ ಅಣ್ಣ? ಪಕ್ಕದಲ್ಲಿ ದೊಡ್ಡ ನಕ್ಷತ್ರ ಇದ್ರೆ ಹೀಗೇ ಕಾಣ್ಸುತ್ತೆ. ನೀನೇ ಹೇಳ್ಕೊಟ್ಟಿದ್ದು.”

ಅವನು ಉಳಿದೆರಡು ಚಿತ್ರ ತೆರೆದ. ಅವಳು ಮೂರನ್ನೂ ಹೋಲಿಸಿ ನೋಡಿದಳು. ಅವನು ಅರ್ಜಿಯಲ್ಲಿ ‘ಮೊದಲು ಕಂಡವರು’ ಎಂಬಲ್ಲಿ ಅವಳ ಹೆಸರು ಬರೆದ.

“ನಂಗೇನೂ ಕಾಣ್ಲಿಲ್ವಲ್ಲ. ಕಂಡಿದ್ದು ನಿಂಗೆ,” ಎಂದಳು. ಸಿಟ್ಟೋ ನಿಜವೋ ಅವನಿಗೆ ತಿಳಿಯಲಿಲ್ಲ.

“ಕಂಡಿತ್ತು. ನಾನೇ ಹೊಡೆದುಹಾಕ್ದೆ,” ಎಂದು ನೋಟ್‌ಬುಕ್ ಅವಳ ಮುಂದಿಟ್ಟ.

ಅವಳು ಆ ಸಾಲು ಓದಿದಳು. ಆಮೇಲೆ ಕತ್ತರಿ ಕೆಳಗಿಟ್ಟು ಹಿಂದಿನ ಪುಟಗಳನ್ನು ಮಗುಚುತ್ತಾ ಹೋದಳು. ಅವಳ ಹೆಸರಿನ ಪಕ್ಕದಲ್ಲಿ ಕೆಂಪು ಶಾಯಿ ಇನ್ನೂ ಹತ್ತೊಂಬತ್ತು ಕಡೆ ಇತ್ತು.

“ಹಾಗಾದ್ರೆ ಇವು?”

ಅವನು ಎದ್ದು ಕುರ್ಚಿ ಬಿಟ್ಟುಕೊಟ್ಟ.