ತಳ ಕಾಣುವ ತನಕ

ಪುಟ್ಟ ಸೀಸೆಯ ನೀರಿಗೆ ಐದು ಹನಿ ಔಷಧಿ ಬಿಟ್ಟು, ಮುಚ್ಚಳ ಹಾಕಿ ಅಲ್ಲಾಡಿಸಿ, ಈಜುಕೊಳ ನೋಡಿಕೊಳ್ಳುವ ಪೂಲಿನವನು ಅದನ್ನು ಮುಳುಗುವ ಸೂರ್ಯನ ಕಡೆಗೆ ಎತ್ತಿ ಹಿಡಿದ. ನೀರು ಚೆನ್ನಾಗಿ ಹಳದಿಗೆ ತಿರುಗಿತು.

"ಈಗ ಕ್ಲೋರಿನ್ ಸರಿಯಾಗಿದೆ ಅಕ್ಕಾ. ನಾಳೆ ಬಿಸಿಲು ಬೀಳೋದ್ರೊಳಗೆ ಬಂದು ಇನ್ನೊಂದ್ಸಲ ನೋಡ್ತೀನಿ. ಹಗಲು ಹೊತ್ತು ಬಿಸಿಲೇ ಇದನ್ನ ತಿಂದುಬಿಡುತ್ತೆ. ರಾತ್ರಿ ಎಲ್ಲಿದೆ ಬಿಸಿಲು? ಆದ್ರೂ ಕಮ್ಮಿಯಾಗಿದ್ರೆ, ನೀರೊಳಗೆ ಏನೋ ಜೀವ ಇದೆ ಅಂತ ಅರ್ಥ."

ಹೇಳಿ ನಾಲಿಗೆ ಕಚ್ಚಿಕೊಂಡ. ಅವನು ಹೇಳಿದ್ದು ಪಾಚಿಯ ಮಾತು. ಆದರೆ ಗಾಜಿನ ಬಾಗಿಲ ಸಂದಿಯಲ್ಲಿ ಎಂಟು ವರ್ಷದ ಪುಟ್ಟಿ ನಿಂತಿದ್ದಳು.

"ನಾನು ಹೇಳ್ಲಿಲ್ವಾ ಆಂಟಿ?" ಎಂದಳು ಪುಟ್ಟಿ.

ಅವಳು ಆಂಟಿ ಎಂದದ್ದು ತನ್ನ ಹೆತ್ತ ತಾಯಿಯನ್ನು. ತಾಯಿ ಹೋಗಿ ಬಾಗಿಲು ಮುಚ್ಚಿ ಬಂದಳು.

ಏಳು ವಾರದ ಹಿಂದೆ ಪುಟ್ಟಿ ಇದೇ ಈಜುಕೊಳದಲ್ಲಿ ಮುಳುಗಿದ್ದಳು. ಆ ದಿನ ನೀರು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿತ್ತು. ತಾಯಿ ಬಟ್ಟೆ ಸಮೇತ ಹಾರಿ, ಏನೂ ಕಾಣದೆ ಕೈಯಲ್ಲಿ ತಡಕಿ, ಹುಡುಕಿ ಎಳೆದು ತಂದಳು. ಮಗು ಬದುಕಿತು. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲನೇ ದಿನವೇ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಇದು ಪುಟ್ಟೀದು. ಅವಳು ಇನ್ನೂ ಕೆಳಗಿದ್ದಾಳೆ," ಎಂದಿತು. ಅವತ್ತಿನಿಂದ ಎರಡು ತುತ್ತಿನ ಮೇಲೆ ಉಣ್ಣುತ್ತಿರಲಿಲ್ಲ. ಡಾಕ್ಟರು ಸಮಯ ಕೊಡಿ ಅಂದರು. ಪುಟ್ಟಿಯ ಅಪ್ಪ ಪಂಪು ನಿಲ್ಲಿಸಿ, ಕೊಳಕ್ಕೆ ಮಣ್ಣು ತುಂಬಿಸಿಬಿಡೋಣ ಅಂದ. ನಿಂತ ನೀರು ಹಸಿರಾಯಿತು, ಆಮೇಲೆ ಗಾಢ ಹಸಿರಾಯಿತು.

ಮಣ್ಣು ಬೇಡ ಎಂದು ಹಟ ಹಿಡಿದವಳು ತಾಯಿ. "ಮಣ್ಣು ಹಾಕಿದ್ರೆ ಅವಳನ್ನ ಒಳಗಿಟ್ಟು ಮುಚ್ಚಿದ್ರಿ ಅಂತಾಳೆ," ಎಂದು ಪೂಲಿನವನಿಗೆ ಫೋನಿನಲ್ಲಿ ಹೇಳಿದ್ದಳು. "ನೀರು ತಿಳಿ ಮಾಡಿಕೊಡಿ. ತಳದಲ್ಲಿ ಯಾರೂ ಇಲ್ಲ ಅಂತ ಅವಳೇ ಕಣ್ಣಾರೆ ನೋಡ್ಲಿ."

ನಾಲ್ಕು ವರ್ಷದಿಂದ ಈ ಕೊಳ ನೋಡಿಕೊಳ್ಳುತ್ತಿದ್ದವನು ಅವನೇ. ಬಾರದೆ ಇರಲು ನೆವ ಸಿಗಲಿಲ್ಲ. ಬಂದ ದಿನ ಮೆಟ್ಟಿಲುಗಳಲ್ಲಿ ಒಂದೂ ಕಾಣುತ್ತಿರಲಿಲ್ಲ. ಉಪ್ಪಿನಿಂದ ಕ್ಲೋರಿನ್ ಮಾಡುವ ಯಂತ್ರದ ತಗಡುಗಳ ಮೇಲೆ ಸುಣ್ಣದಂಥ ಬಿಳಿ ಪದರ ಕಟ್ಟಿತ್ತು. ಅದನ್ನು ಬಿಚ್ಚಿ ತೊಳೆದ. ಗೋಡೆ ಉಜ್ಜಿದ, ಫಿಲ್ಟರಿಗೆ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆದ, ಉಪ್ಪು ಅಳೆದ. ದಿನಕ್ಕೊಂದು ಮೆಟ್ಟಿಲು ನೀರಿನಿಂದ ಎದ್ದು ಬಂದ ಹಾಗೆ ಕಂಡಿತು. ಐದನೇ ದಿನಕ್ಕೆ ನಾಲ್ಕು ಮೆಟ್ಟಿಲು ಕಂಡವು, ಅಲ್ಲಿಗೆ ನಿಂತಿತು. ಅದರ ಕೆಳಗೆ ಮಬ್ಬು.

ಬೇರೆಯವರ ಕೊಳವಾಗಿದ್ದರೆ ಅವನು ಎಂದೋ ನೋಡುತ್ತಿದ್ದ ಜಾಗ ಒಂದಿತ್ತು. ನೀರೊಳಗಿನ ದೀಪದ ಹಿಂದಿನ ಗೂಡು. ಬ್ರಷ್ಷು ಹೋಗದ ಆ ಗೂಡಿನಲ್ಲಿ ಪಾಚಿ ಬೆಚ್ಚಗೆ ಕೂತುಬಿಡುತ್ತದೆ. ಮಹಾಶಯ ಅಲ್ಲೊಂದು ಬಿಟ್ಟು ಮಿಕ್ಕ ಎಲ್ಲ ಕಡೆ ನೋಡಿದ. ಕಾರಣ ಅವನಿಗೆ ಮಾತ್ರ ಗೊತ್ತು. ಪುಟ್ಟಿ ಮುಳುಗುವ ಮೂರು ದಿನ ಮೊದಲು ಅವನು ಆ ದೀಪ ಬಿಚ್ಚಿ ರಿಪೇರಿ ಮಾಡಿದ್ದ. ಕೂರಿಸುವಾಗ ಅದರ ಸುತ್ತಲಿನ ಲೋಹದ ಬಳೆಯನ್ನು ಹಿಡಿದಿಡುವ ಒಂದೇ ಒಂದು ಸ್ಕ್ರೂ ಕೈಜಾರಿ ಮಬ್ಬು ನೀರಿಗೆ ಬಿತ್ತು. ನೀರು ತಿಳಿಯಾದ ಮೇಲೆ ಹುಡುಕಿದರಾಯಿತು ಎಂದು ಬಳೆಯನ್ನು ಅಂಗೈಯಲ್ಲಿ ಒತ್ತಿ ಕೂರಿಸಿ ಎದ್ದುಬಿಟ್ಟ. ಎಲ್ಲ ಮನೆಗಳಲ್ಲೂ ತಪ್ಪದೆ ಹೇಳುತ್ತಿದ್ದ, 'ತಳ ಕಾಣೋ ತನಕ ಯಾರೂ ಇಳೀಬೇಡಿ' ಎಂಬ ಮಾತನ್ನೂ ಆ ಗಡಿಬಿಡಿಯಲ್ಲಿ ಮರೆತ.

ಸ್ಕ್ರೂಗೂ ಮಗು ಮುಳುಗಿದ್ದಕ್ಕೂ ಏನು ಸಂಬಂಧ ಎಂದು ಏಳು ವಾರದಿಂದ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಆ ಸಂಜೆ ಬಾಗಿಲು ಮುಚ್ಚಿ ಬಂದು ತಾಯಿ ಆಡಿದ ಮಾತು ಅದನ್ನೂ ಕಿತ್ತುಕೊಂಡಿತು.

"ಕೈಗೆ ಸಿಕ್ಕಿದ್ಲು, ಆದ್ರೆ ಮೇಲೆ ಬರ್ಲಿಲ್ಲ," ಎಂದಳು ನೀರನ್ನೇ ನೋಡುತ್ತ. "ಯಾರೋ ಆ ಕಡೆಯಿಂದ ಹಿಡ್ಕೊಂಡ ಹಾಗಿತ್ತು. ಜೀವ ಬಿಟ್ಟು ಎಳೆದೆ. ಕಿವಿ ಹಿಂದೆ ಅಷ್ಟಗಲ ಕೂದಲು ಕಿತ್ತು ಹೋಗಿದೆ. ಗಾಬರೀಲಿ ನಾನೇ ಕೂದಲಿಗೆ ಕೈ ಹಾಕಿದ್ನೇನೋ. ಅಷ್ಟು ನೋಯಿಸಿದೋಳನ್ನ ಅಮ್ಮ ಅಂತ ಹೇಗೆ ಕರೀತಾಳೆ ಹೇಳಿ?"

ಅವನು ಸೀಸೆಯ ನೀರು ಚೆಲ್ಲಿದ. ಪೆಟ್ಟಿಗೆ ಎತ್ತಿಕೊಂಡು ಹೊರಟುಬಿಟ್ಟ.

ಬೆಳಿಗ್ಗೆ ಬಂದಾಗ ಇನ್ನೂ ನಸುಕು. ಸೀಸೆ ತುಂಬಿ ಐದು ಹನಿ ಬಿಟ್ಟ. ಬಣ್ಣವೇ ಬರಲಿಲ್ಲ. ಮತ್ತೆ ತುಂಬಿದ, ಮತ್ತೆ ಬಿಟ್ಟ. ಬರೀ ನೀರು.

"ರಾತ್ರಿ ಎಲ್ಲಾ ತಿಂದುಬಿಟ್ಲಾ?"

ಅವನು ತಿರುಗಿ ನೋಡಿದ. ಗಾಜಿನ ಬಾಗಿಲ ಹೊಸಿಲಲ್ಲಿ ಪುಟ್ಟಿ ರಾತ್ರಿಯ ಅಂಗಿಯಲ್ಲೇ ಕೂತಿದ್ದಳು. ಹೊಸಿಲು ದಾಟಿ ಅವಳು ಈಚೆ ಬರುವುದಿಲ್ಲ.

"ಪಾಚಿ ಪುಟ್ಟೀ. ಪಾಚಿ ತಿಂದಿದ್ದು."

"ಅಲ್ಲ. ಅವಳಿಗೆ ತುಂಬಾ ಹಸಿವು," ಎಂದಳು. ಕಿವಿಯ ಹಿಂದೆ ಬೆರಳಾಡಿಸುತ್ತ, "ದೀಪದ ಹತ್ರ ಇದ್ದಾಳೆ. ನೀವು ಅಲ್ಲಿ ಯಾಕೆ ನೋಡಲ್ಲ?" ಎಂದು ಕೇಳಿದಳು.

ಇನ್ನು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ದೀಪದ ಫ್ಯೂಸು ತೆಗೆದು ಬಂದು ಅಂಚಿನಲ್ಲಿ ಬೋರಲು ಮಲಗಿದ. ಭುಜದ ತನಕ ಕೈ ಇಳಿಬಿಟ್ಟ. ನೀರು ತಣ್ಣಗೆ ಕೊರೆಯಿತು. ಒತ್ತಿ ಕೂರಿಸಿದ್ದ ಬಳೆ ಮೇಲುಗಡೆ ಎರಡು ಬೆರಳಗಲ ಬಾಯಿ ಬಿಟ್ಟುಕೊಂಡಿತ್ತು. ಹಿಡಿದು ಎಳೆದಾಗ ದೀಪ ತನ್ನ ಉದ್ದನೆಯ ವಯರಿನ ಜೊತೆ ಹೊರಗೆ ಬಂತು, ಅದರ ಬೆನ್ನ ಹಿಂದಿನಿಂದ ಹಸಿರು ಲೋಳೆ ಹೊಗೆಯಂತೆ ಎದ್ದಿತು. ವಯರಿಗೆ ಏನೋ ಮೆತ್ತಗಿನದು ಸುತ್ತಿಕೊಂಡಿತ್ತು.

ದಂಡೆಯ ಮೇಲಿಟ್ಟು ಬೆರಳಿನಲ್ಲಿ ಲೋಳೆ ಸವರಿದ. ಉದ್ದನೆಯ ಕೂದಲು. ಒಂದು ಗೇಣು, ದಟ್ಟವಾಗಿ, ತುದಿಯಲ್ಲಿ ಕೆಂಪು ರಬ್ಬರ್ ಬ್ಯಾಂಡು ಹಾಗೇ ಇತ್ತು. ನೀರಿಳಿದ ಮೇಲೂ ಅದು ಅವನ ಬೆರಳಿಗೆ ಅಂಟಿಕೊಂಡೇ ಇತ್ತು.

ತಾಯಿ ಇನ್ನೂ ಎದ್ದಿರಲಿಲ್ಲ. ಲೋಳೆಯ ಜೊತೆ ಅದನ್ನೂ ಚೀಲಕ್ಕೆ ತುರುಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಚೀಲದ ಬಾಯಿ ಬಿಡಿಸಿಯೂ ಬಿಟ್ಟಿದ್ದ. ತಲೆಯೆತ್ತಿದರೆ ಪುಟ್ಟಿ ಕಣ್ಣು ಮಿಟುಕಿಸದೆ ಅವನ ಕೈಯನ್ನೇ ನೋಡುತ್ತಿದ್ದಳು. ಹೇಳಿಬಿಡುತ್ತಾಳೆ ಎಂದು ಅವನು ಹೆದರಲಿಲ್ಲ. ಇವಳು ನನ್ನನ್ನು ಕಾಯುತ್ತಾ ಕೂತಿದ್ದಳು ಅನ್ನಿಸಿ ಹೆದರಿದ.

"ನಿಮ್ಮಮ್ಮನ್ನ ಕರಿ," ಎಂದ.

"ಆಂಟೀ," ಎಂದು ಕೂಗಿದಳು ಪುಟ್ಟಿ.

ತಾಯಿ ಬಂದಳು. ಅವನು ಎಲ್ಲವನ್ನೂ ಹೇಳಿದ. ಸ್ಕ್ರೂ ಬಿದ್ದದ್ದು, ಕೈಯಲ್ಲೇ ಒತ್ತಿ ಹೋದದ್ದು, ಇಳಿಯಬೇಡಿ ಎಂದು ಹೇಳದೆ ಹೋದದ್ದು. ಹೇಳುವಾಗ ಕೂದಲನ್ನು ಅಂಗೈಯಲ್ಲಿ ಹಿಡಿದೇ ಇದ್ದ. "ನೀವಲ್ಲ ಅಕ್ಕಾ ಎಳೆದಿದ್ದು. ಇದು ದೀಪದ ವಯರಿಗೆ ಸಿಕ್ಕಿಹಾಕ್ಕೊಂಡಿತ್ತು. ನೀವು ಬಿಡಿಸಿದ್ರಿ."

ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದ. ಅವಳು ಕೂದಲನ್ನು ಅವನ ಅಂಗೈಯಿಂದ ಒಂದೊಂದೇ ಎಳೆ ಬಿಡಿಸಿ ತೆಗೆದುಕೊಂಡಳು.

"ಏಳು ವಾರ," ಎಂದಳು. "ನೀರು ತಿಳಿ ಮಾಡಿ ಹೋಗಿ. ಆಮೇಲೆ ಈ ಮನೆ ಕಡೆ ತಲೆ ಹಾಕ್ಬೇಡಿ."

ಗೂಡನ್ನು ಉಜ್ಜಿ, ಹೊಸ ಸ್ಕ್ರೂ ಹಾಕಿ ದೀಪ ಬಿಗಿದ. ಸಂಜೆ ಸೀಸೆ ಹಳದಿಯಾಯಿತು. ಮರುದಿನ ನಸುಕಿನಲ್ಲಿ ಐದು ಹನಿ ಬಿಟ್ಟಾಗಲೂ ಅದೇ ಹಳದಿ, ಒಂದಿಷ್ಟೂ ಕಮ್ಮಿಯಾಗಿರಲಿಲ್ಲ. ಬೆಳಕು ಹರಿದ ಮೇಲೆ ನೋಡಿದರೆ ನೀರು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ. ತಳದ ಜಾಲರಿಯ ತೂತುಗಳನ್ನೂ ಎಣಿಸಬಹುದಿತ್ತು. ದೀಪದ ಕೆಳಗೆ ಹಳೆಯ ಸ್ಕ್ರೂ ಬಿದ್ದಿತ್ತು, ಅದರ ಸುತ್ತ ಕಾಸಗಲದ ತುಕ್ಕಿನ ಕಲೆ.

ತಾಯಿ ಪುಟ್ಟಿಯನ್ನು ಕರೆತಂದಳು. ಹೊಸಿಲಲ್ಲಿ ಮಗು ನಿಂತಿತು. ಒಂದು ಕಾಲು ಈಚೆ ಇಟ್ಟಿತು. ಆಮೇಲೆ ಇನ್ನೊಂದು. ಅಂಚಿಗೆ ಬಂದು ಬಗ್ಗಿ, ಈ ಮೂಲೆಯಿಂದ ಆ ಮೂಲೆಯ ತನಕ ನೋಡಿತು.

"ಎಲ್ಲಿ ಹೋದ್ಲು?"

ತಾಯಿ ಮುಷ್ಟಿ ಬಿಚ್ಚಿದಳು. ತೊಳೆದು ಬಾಚಿದ ಕೂದಲು, ಅದೇ ಕೆಂಪು ಬ್ಯಾಂಡು. ಪುಟ್ಟಿ ಅದನ್ನು ಮೂಸಿದಳು. ಕಿವಿಯ ಹಿಂದೆ ಬೋಳಾದ ಕಡೆಗೆ ಒತ್ತಿ ಹಿಡಿದಳು.

"ಅಮ್ಮಾ, ಹಸಿವಾಗ್ತಿದೆ," ಎಂದಳು.

ತಾಯಿ ಮಗಳನ್ನು ಎತ್ತಿಕೊಂಡೇ ಒಳಗೆ ಹೋದಳು. ಅವನ ಕಡೆ ತಿರುಗಿ ನೋಡಲಿಲ್ಲ. ಗಾಜಿನಾಚೆ ತಟ್ಟೆ ಇಟ್ಟ ಸದ್ದಾಯಿತು, ಕುರ್ಚಿ ಎಳೆದ ಸದ್ದಾಯಿತು, ಅಳುವೋ ನಗುವೋ ತಿಳಿಯದ ಒಂದು ಧ್ವನಿ ಬಂತು.

ಅವನು ಬಲೆಯಿಂದ ಸ್ಕ್ರೂ ಎತ್ತಿ ಜೇಬಿಗೆ ಹಾಕಿಕೊಂಡ. ಕಲೆ ಹಾಗೇ ಉಳಿಯಿತು. ಉದ್ದ ಕೋಲಿನ ಬ್ರಷ್ಷು ಇಳಿಸಿ ಉಜ್ಜತೊಡಗಿದ. ಬಿಸಿಲು ತಳದ ತನಕ ಇಳಿದಿತ್ತು. ನೀರಿನಲ್ಲಿ ಯಾರೂ ಇರಲಿಲ್ಲ, ಏನೂ ಇರಲಿಲ್ಲ. ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ಉಜ್ಜುವಾಗ ಬ್ರಷ್ಷು ಕಲೆಯ ಮೇಲೆ ನಿಂತುಬಿಟ್ಟಿತು, ಯಾರೋ ಆ ಕಡೆಯಿಂದ ಹಿಡಿದುಕೊಂಡ ಹಾಗೆ. ಅವನು ಎಳೆಯಲಿಲ್ಲ. ಕೋಲಿನ ತುದಿ ಹಿಡಿದು, ಅದು ತಾನಾಗಿ ಬಿಡುವ ತನಕ ಅಲ್ಲೇ ನಿಂತಿದ್ದ.