ಇಪ್ಪತ್ತು ಕಂಪ್ಯೂಟರಿಗೆ ಊರ ಹೆಸರು

ರಂಗಂಪೇಟೆಯ ಟೈಪಿಂಗ್ ಕೇಂದ್ರಕ್ಕೆ ಇಪ್ಪತ್ತು ಕಂಪ್ಯೂಟರು ಬಂದಿದ್ದವು. ಶಿಕ್ಷಕಿ ಪಂಚಶೀಲಾ ಒಂದನ್ನು ಸಿದ್ಧಪಡಿಸಿ, ಅದರದೇ ನಕಲನ್ನು ಉಳಿದವುಗಳಿಗೆಲ್ಲ ಇಳಿಸಿದ್ದಳು. ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡಿದಾಗ ತನ್ನ ತಪ್ಪೂ ನಕಲಾಗಿದ್ದು ತಿಳಿಯಿತು. ಇಪ್ಪತ್ತಕ್ಕೂ ಒಂದೇ ಹೆಸರು, ಶಿಕ್ಷಕಿಯ ಪರದೆಯಲ್ಲಿ ಯಾವುದು ಯಾವುದೆಂದು ಗುರುತು ಹತ್ತುವಂತಿರಲಿಲ್ಲ. ಕನ್ನಡ ಕೀಲಿಮಣೆ ಯಾವುದರಲ್ಲೂ ಇಲ್ಲ. ಹನ್ನೆರಡಕ್ಕೆ ಮೊದಲ ತಂಡದ ಹೆಂಗಸರು ಬರುವವರಿದ್ದರು.

ಒಂದೊಂದನ್ನೇ ತೆರೆದು ಸರಿಪಡಿಸಲು ಸಮಯವಿರಲಿಲ್ಲ. ಅವಳು ಕಮಾಂಡುಗಳನ್ನೆಲ್ಲ ಒಂದು ಫೈಲಿನಲ್ಲಿ ಬರೆದು ಪೆನ್‌ಡ್ರೈವಿಗೆ ಹಾಕಿಕೊಂಡಳು. ಅದನ್ನು ಓಡಿಸಿದರೆ ಕಪ್ಪು ಕಿಟಕಿಯೊಂದು ತೆರೆದು ಹೆಸರು ಕೇಳಬೇಕು. ಹೆಸರು ಕೊಟ್ಟರೆ ಅದನ್ನು ಯಂತ್ರಕ್ಕಿಟ್ಟು, ಕನ್ನಡ ಕೀಲಿಮಣೆಯನ್ನೂ ತಾನೇ ಸೇರಿಸಿಕೊಂಡು ಯಂತ್ರ ಮರಳಿ ಚಾಲೂ ಆಗಬೇಕು. ಮೊದಲ ಸಲ ಅನುಮತಿಯಿಲ್ಲ ಎಂದು ನಿಂತುಬಿಟ್ಟಿತು. ಅಡ್ಮಿನ್ ಆಗಿ ಓಡಿಸಿದಾಗ ದಾರಿಗೆ ಬಂತು.

ಕಸ ಗುಡಿಸುತ್ತಿದ್ದ ಹುಸೇನಬೀ ಪೊರಕೆ ಗೋಡೆಗೊರಗಿಸಿ ಬಂದಳು.

"ಅರ್ಧ ನಾ ಮಾಡ್ತೀನಿ, ತೋರಸ್ರಿ ಮೇಡಂ."

"ಕಂಪ್ಯೂಟರ್ ಮುಟ್ಟೀರೇನು?"

"ಧೂಳ ಒರಸೂ ಮುಂದ ಮುಟ್ಟೀನ್ರಿ. ಮೊಮ್ಮಗಳ ಪುಸ್ತಕದಾಗ ಎ ಬಿ ಸಿ ಕಲ್ತೀನಿ."

ಪಂಚಶೀಲಾ ಪೆನ್‌ಡ್ರೈವಿನ ಇನ್ನೊಂದು ಪ್ರತಿ ಮಾಡಿ ಕೊಟ್ಟಳು. ಓಡಿಸುವುದನ್ನು ತೋರಿಸಿ, ಒಂದು, ಎರಡು ಎಂದು ಸಂಖ್ಯೆಯನ್ನೇ ಹೆಸರಾಗಿ ಕೊಡುವಂತೆ ಹೇಳಿದಳು.

"ನಂಬರ್ ಯಾರು ನೆನಪಿಡ್ತಾರ? ಬರೂ ಹೆಣ್ಮಕ್ಕಳ ಊರ ಹೆಸರು ಇಡೂಣ್ರಿ."

ಪಂಚಶೀಲಾಗೆ ಮಾತು ಹಿಡಿಸಿತು. ಅವಳು ಹುಣಸಗಿಯಿಂದ ಶುರುಮಾಡಿದಳು, ಹುಸೇನಬೀ ಇನ್ನೊಂದು ತುದಿಯಿಂದ. ದೇವಾಪುರ, ಕೊಡೇಕಲ್, ಕಕ್ಕೇರಾ. ಪ್ರತಿ ಅಕ್ಷರಕ್ಕೂ ಹುಸೇನಬೀಯ ಬೆರಳು ಕೀಲಿಮಣೆಯ ಮೇಲೆಲ್ಲ ಸುತ್ತಿ ಇಳಿಯುತ್ತಿತ್ತು. ಕೆಂಭಾವಿಗೆ ಒಂದು ಅಕ್ಷರ ಹೆಚ್ಚೇ ಬಿತ್ತು.

"ಇರ್ಲಿ ಬಿಡ್ರಿ, ಊರು ಬೆಳ್ಯಾಕತ್ತೈತಿ," ಎಂದಳು ಪಂಚಶೀಲಾ.

ಹನ್ನೊಂದೂವರೆಗೆ ಶಿಕ್ಷಕಿಯ ಪರದೆಯಲ್ಲಿ ಇಪ್ಪತ್ತು ಊರುಗಳು ಸಾಲಾಗಿ ನಿಂತವು. ಇಬ್ಬರೂ ಬೆರಳಿಟ್ಟು ಎರಡು ಸಲ ಎಣಿಸಿದರು.

ಹೆಂಗಸರು ಬಂದು ಪರದೆಗಳ ಮೇಲೆ ತಮ್ಮೂರು ಹುಡುಕುತ್ತ ಸಾಲುಗಳ ನಡುವೆ ಓಡಾಡಿದರು. ಕಕ್ಕೇರಾದ ಸುಗಲಮ್ಮ ತನ್ನ ಹೆಸರನ್ನು ಕನ್ನಡದಲ್ಲಿ ಹೊಡೆದು, ಪಕ್ಕದವಳನ್ನು ತಿವಿದು ತೋರಿಸಿದಳು. ತಿಂಥಣಿಯ ಕುರ್ಚಿ ಖಾಲಿ ಉಳಿಯಿತು, ಅಲ್ಲಿಯವಳು ಬಂದಿರಲಿಲ್ಲ.

"ಹುಸೇನಬೀ, ನೀವ್ ಕುಂದರ್ರಿ," ಎಂದು ಪಂಚಶೀಲಾ ಹಾಜರಿ ಪುಸ್ತಕ ಬಿಚ್ಚಿದಳು.

"ನಮ್ಮೂರು ತಿಂಥಣಿ ಅಲ್ರಿ."

"ಬದಲಸಾಕ ಒಂದ್ ನಿಮಿಷ ಸಾಕು."

ಹುಸೇನಬೀ ಸೆರಗಿಗೆ ಕೈ ಒರೆಸಿಕೊಂಡು ಕುಳಿತು, ತಾನೇ ಕಪ್ಪು ಕಿಟಕಿ ತೆರೆದಳು.