ಸವಣೂರಿನಿಂದ ಬಾರದ ಮಂತ್ರಾಕ್ಷತೆ

ಮಾವನ ಶ್ರಾದ್ಧದ ಹಿಂದಿನ ದಿನ ಬೆಳಿಗ್ಗೆ ಗೋಪಿಕಾಬಾಯಿ ಅಡುಗೆಮನೆಗೆ ಬರಲಿಲ್ಲ. ಸೊಸೆ ಪದ್ಮಜಾ ಹುಡುಕಿಕೊಂಡು ಹೋದಾಗ ಅತ್ತೆ ಹಿತ್ತಲ ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಸಿ, ಪಕ್ಕದಲ್ಲಿ ತಂಬಿಗೆ ಇಟ್ಟುಕೊಂಡು ಕುಳಿತಿದ್ದಳು. ಮುಟ್ಟಾದ ದಿನಗಳಲ್ಲಿ ಪದ್ಮಜಾ ಕೂರುವ ಮೂಲೆ ಅದು.

"ಅಲ್ಲೇ ನಿಲ್ಲು, ಮುಟ್ಟಬ್ಯಾಡ. ನಾಳಿನ ಅಡಗಿ ನೀನ ಮಾಡಬೇಕವಾ. ನಾ ಹೊರಗ ಆಗೇನಿ."

ಪದ್ಮಜಾಗೆ ನಗು ಬಂತು. "ಏನ್ ಚ್ಯಾಷ್ಟಿ ಮಾಡ್ತೀರಿ ಅತ್ಯಾ? ನಿಮಗ ನಿಂತು ಹತ್ತು ವರ್ಷ ಆತಲ್ರಿ!"

"ಮತ್ತ ಬಂದದ. ನೀ ಒಬ್ಬಾಕಿನ ಹರೇದಾಕಿ ಅಂತ ತಿಳ್ಕೊಂಡೀ ಏನು?"

ಅಂದಳೇ ಹೊರತು ತಲೆ ಎತ್ತಲಿಲ್ಲ. ಪದ್ಮಜಾಳ ನಗು ಅಲ್ಲೇ ನಿಂತಿತು. ಅವಳ ತವರಿನಲ್ಲಿ ಚಿಕ್ಕಮ್ಮನೊಬ್ಬಳಿಗೆ ಹೀಗೇ ಆಗಿತ್ತು. ಡಾಕ್ಟರಿಗೆ ತೋರಿಸುವಷ್ಟರಲ್ಲಿ ತಡವಾಗಿತ್ತು.

"ಇವತ್ತ ಶಿಗ್ಗಾಂವಿಗೆ ಹೋಗೋಣ್ರಿ."

"ಶ್ರಾದ್ಧ ಬಿಟ್ಟು? ಮಧ್ವೇಶಗ ಸೊಂಟ ನೋವು ಅಂತ ಹೇಳು. ಮಗನ ಮುಂದ ಈ ಮಾತು ಆಡಿದ್ರ ನನ್ನ ಆಣಿ ಅದ. ನಾಲ್ಕನೇ ದಿನ ನೀರು ಹಾಕ್ಕೊಂಡು ಒಳಗ ಬರ್ತೇನಿ."

ಶ್ರಾದ್ಧದ ದಿನ ಪದ್ಮಜಾ ಒಬ್ಬಳೇ ಮಡಿಯಲ್ಲಿ ಬೆಂದಳು. ಮೂಲೆಯಿಂದ, "ಶ್ರಾದ್ಧದ ಅಡಗಿಗೆ ಮೆಣಸಿನಕಾಯಿ ಮುಟ್ಟಿಗಿಟ್ಟೀ, ಕರಿಮೆಣಸು ಹಾಕು!" ಎಂಬ ದನಿ ಬರುತ್ತಲೇ ಇತ್ತು.

ನಾಲ್ಕನೆಯ ದಿನ ಅತ್ತೆ ಎಣ್ಣೆ ಹಚ್ಚಿಕೊಂಡು ತಲೆಗೆ ನೀರು ಹಾಕಿಕೊಂಡಳು. ಬಚ್ಚಲಿನಿಂದ ಬಂದವಳು ಹೊಸ್ತಿಲವರೆಗೂ ಬಂದು, ನೆರಿಗೆ ನೋಡಿಕೊಂಡು, ತಿರುಗಿ ಚಾಪೆಗೆ ಹೋದಳು.

"ನಿಂತೇ ಇಲ್ಲಲ್ಲ, ಪದ್ಮಾ. ನಾ ಒಳಗ ಹ್ಯಾಂಗ ಬರ್ಲಿ?"

"ನಿಂದರೋ ಹಂಗ ಔಷಧ ಕೊಡ್ತಾರ, ಏಳ್ರಿ."

ಆ ಮಾತಿಗೆ ಎದ್ದಳು.

ಶಿಗ್ಗಾಂವಿಯ ಡಾಕ್ಟರ್ ಅಂಕಿತಾ ಮೆಲ್ಲಗೆ ಕೇಳಿದಳು: "ಇದ ಮೊದಲನೇ ಸಲ ಏನ್ರಿ ಅಮ್ಮಾರ?"

ಗೋಪಿಕಾಬಾಯಿ ಸೊಸೆಯ ಕಡೆ ನೋಡದೆ ಹೇಳಿದಳು. "ದೀಪಾವಳಿ ಆದಮ್ಯಾಲೆ ಒಮ್ಮೆ ಆಗಿತ್ತು. ಸಂಕ್ರಾಂತಿಗೆ ಮತ್ತ."

ಆ ಎರಡು ಸಲವೂ ಅತ್ತೆ, ಮಠದ ಸೇವೆಗೆಂದು ಸವಣೂರಿಗೆ ಹೋಗಿ ತಂಗಿ ಮೃಣಾಲಿನಿಯ ಮನೆಯಲ್ಲಿ ಉಳಿದಿದ್ದಳು. ಎರಡು ಸಲವೂ ಮಂತ್ರಾಕ್ಷತೆ ತಂದಿರಲಿಲ್ಲ. ತನಗೆ ಬೇಕೆಂದೇ ಕೊಡಲಿಲ್ಲವೆಂದು ಪದ್ಮಜಾ ಮುನಿಸಿಕೊಂಡಿದ್ದಳು.

"ಮಠಕ್ಕ ಹೋಗಲೇ ಇಲ್ಲೇನ್ರಿ ಅತ್ಯಾ?"

"ಹಿಂಗಿದ್ದಾಗ ಮಠದ ಮೆಟ್ಟಲ ಹತ್ತಲಿಕ್ಕೆ ಬರ್ತದೇನು? ಮೃಣಾಲಿನಿ ಹಿತ್ತಲದಾಗ ಕೂತಿದ್ದೆ. ಈ ವಯಸ್ಸಿನಾಗ, ಅದೂ ಅವರು ಹೋದಮ್ಯಾಲೆ… ನೀ ನಗ್ತಿದ್ದಿ."

ನಕ್ಕದ್ದು ನಿಜವೇ ಆಗಿತ್ತು.

ಸ್ಕ್ಯಾನ್ ಮಾಡಿದ ಅಂಕಿತಾ, ಗರ್ಭಕೋಶದ ಒಳಪದರ ದಪ್ಪಗಾಗಿದೆ ಎಂದಳು. "ಒಂದು ಚೂರು ತಗದು ಹುಬ್ಬಳ್ಳಿಗೆ ಪರೀಕ್ಷಾಕ ಕಳಸ್ತೇನ್ರಿ. ಏನೂ ಇರಲಿಕ್ಕಿಲ್ಲ, ಇದ್ರೂ ಇರಬಹುದು. ಆದ್ರ ಇದು ಮುಟ್ಟಲ್ರಿ ಅಮ್ಮಾರ. ಪೂರಾ ನಿಂತಮ್ಯಾಲೆ ಬರೂದು ಮುಟ್ಟಲ್ಲ."

ಬಂಕಾಪುರಕ್ಕೆ ಮರಳುವ ದಾರಿಯುದ್ದಕ್ಕೂ ಅತ್ತೆ ಸೊಸೆಗೆ ತಾಗದಂತೆ ಸೆರಗು ಒತ್ತಿ ಹಿಡಿದು ಆಟೋದ ಅಂಚಿಗೆ ಕುಳಿತಿದ್ದಳು. ಮನೆ ತಲುಪಿದ ಮೇಲೆ ಪದ್ಮಜಾ ಹಿತ್ತಲ ಬಾಗಿಲಲ್ಲಿ ನಿಂತು ಕೈ ಚಾಚಿದಳು.

"ಡಾಕ್ಟರ್ ಹೇಳಿದ್ರಲ್ರಿ, ಮುಟ್ಟಲ್ಲಂತ. ಒಳಗ ಬರ್ರಿ."

ಗೋಪಿಕಾಬಾಯಿ ಹೊಸ್ತಿಲನ್ನೇ ನೋಡಿದಳು. ಕಾಲು ಎತ್ತಲಿಲ್ಲ.

"ರಿಪೋರ್ಟ್ ಬರೋತನಕ ಇದು ಮುಟ್ಟ ಇರಲಿ, ಪದ್ಮಾ. ಒಳಗ ಬಂದ್ರ… ಡಾಕ್ಟರ್ ಇರಬಹುದು ಅಂದದ್ದು ಖರೇ ಆಗ್ತದ."

ಮೂಲೆಗೆ ಹೋಗಿ ಕುಳಿತಳು. ಪದ್ಮಜಾ ಒಳಗೆ ಹೋಗಿ, ತನ್ನ ಚಾಪೆ ತಂದು ಅತ್ತೆಯ ಪಕ್ಕದಲ್ಲಿ ಹಾಸಿದಳು.